ಹೆಸರಿಗಿಂತ ಮೊದಲು ಕಕ್ಷೆ

ಧರ್ಮಪುರಿಯ ಈಶಾನ್ಯಕ್ಕೆ, ಜವ್ವಾದು ಬೆಟ್ಟದ ಮೇಲಿರುವ ಕಾವಲೂರಿನ ವೈನು ಬಾಪ್ಪು ವೀಕ್ಷಣಾಲಯದಲ್ಲಿ 1988ರ ಫೆಬ್ರವರಿ 17ರಂದು ಆರ್. ರಾಜಮೋಹನ್ ಒಂದು ಕ್ಷುದ್ರಗ್ರಹವನ್ನು ಪತ್ತೆ ಮಾಡಿದರು. 1885ರಲ್ಲಿ ಮದ್ರಾಸಿನಿಂದ ಖಗೋಳಜ್ಞ ಪಾಗ್ಸನ್ 'ವೆರಾ' ಎಂಬ ಕ್ಷುದ್ರಗ್ರಹವನ್ನು ಕಂಡ ಮೇಲೆ ಭಾರತದ ನೆಲದಿಂದ ಇಂಥದೊಂದು ಶೋಧ ನಡೆಯಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಈರೋಡಿನಲ್ಲಿ ಹುಟ್ಟಿದ ಗಣಿತಜ್ಞನ ನೆನಪಿಗೆ ಅದೀಗ '4130 ರಾಮಾನುಜನ್'. ನಮಗೆ ನೆನಪುಳಿಯುವುದು ಈ ಹೆಸರು ಮಾತ್ರ. ಹೆಸರಿನ ಹಿಂದಿದ್ದ ಅಳತೆಯ ಕೆಲಸವೇ ದೊಡ್ಡದು, ಸೇಲಂ-ಧರ್ಮಪುರಿಯ ಶಾಲೆ ಕಾಲೇಜುಗಳು ಇಂದು ಕೈಹಾಕಬೇಕಾದದ್ದೂ ಅದಕ್ಕೇ ಎಂದು ನಾನು ನಂಬಿದ್ದೇನೆ.

ಮೊದಲಿಗೆ ಆ ಚುಕ್ಕಿಗೆ ಸಿಕ್ಕಿದ್ದು '1988 ಡಿಕ್ಯೂ1' ಎಂಬ ತಾತ್ಕಾಲಿಕ ಗುರುತು. ಆ ವರ್ಷದ ಫೆಬ್ರವರಿಯ ದ್ವಿತೀಯಾರ್ಧದಲ್ಲಿ ದಾಖಲಾದ 41ನೆಯದು ಎಂದಷ್ಟೇ ಅದರ ಅರ್ಥ. ಒಂದೆರಡು ರಾತ್ರಿಯ ಚಿತ್ರಗಳಿಂದ ಕಕ್ಷೆ ಖಚಿತವಾಗುವುದಿಲ್ಲ. ಮಂಗಳ ಮತ್ತು ಗುರುಗಳ ನಡುವಿನ ಮುಖ್ಯ ಪಟ್ಟಿಯ ಕಾಯಗಳು ಸೂರ್ಯನನ್ನು ಸುತ್ತಲು ಸುಮಾರು ಮೂರರಿಂದ ಆರು ವರ್ಷ ಹಿಡಿಯುತ್ತವೆ. ಗುರುವಿನ ಸೆಳೆತ ಅವನ್ನು ಸದಾ ಜಗ್ಗುತ್ತಿರುತ್ತದೆ. ಗುರು ಒಂದು ಸುತ್ತು ಮುಗಿಸುವಷ್ಟರಲ್ಲಿ ಮೂರು ಸುತ್ತು ಹಾಕುವ ಜಾಗವನ್ನಂತೂ ಈ ಸೆಳೆತ ಬಹುತೇಕ ಬರಿದು ಮಾಡಿದೆ. ಹೀಗಾಗಿ ಹಲವು ವರ್ಷ ಮತ್ತೆ ಮತ್ತೆ ನೋಡಿ, ಲೆಕ್ಕ ತಾಳೆಯಾದ ಮೇಲೆಯೇ ಕಾಯಂ ಸಂಖ್ಯೆ ಸಿಗುತ್ತದೆ. ಹೆಸರು ಸೂಚಿಸುವ ಹಕ್ಕು ಬರುವುದು ಆಮೇಲೆ.

ಶೋಧಕ್ಕೆ ಈಗ ಯಂತ್ರಗಳಿವೆಯಲ್ಲ, ಸಣ್ಣ ದೂರದರ್ಶಕಕ್ಕೆ ಏನು ಉಳಿದಿದೆ ಎಂದು ಕೇಳುವವರಿದ್ದಾರೆ. ಶೋಧದ ಮಟ್ಟಿಗೆ ಅವರ ಮಾತು ನಿಜ: ಚಿಲಿಯ ರೂಬಿನ್ ವೀಕ್ಷಣಾಲಯ ಸುಮಾರು ಹತ್ತು ಗಂಟೆಗಳ ವೀಕ್ಷಣೆಯಲ್ಲಿ 2104 ಹೊಸ ಕ್ಷುದ್ರಗ್ರಹಗಳನ್ನು ಕಂಡದ್ದಾಗಿ 2025ರ ಜೂನ್‌ನಲ್ಲಿ ಪ್ರಕಟವಾಯಿತು. ಆದರೆ ಒಂದು ಕ್ಷುದ್ರಗ್ರಹ ನಕ್ಷತ್ರದ ಮುಂದೆ ಹಾದು ಅದನ್ನು ಮರೆಮಾಡುವ ಕ್ಷಣವನ್ನು ಅಳೆಯಬೇಕಾದರೆ, ಅದರ ನೆರಳು ನೆಲದ ಮೇಲೆ ಎಲ್ಲಿ ಬೀಳುತ್ತದೋ ಅಲ್ಲಿ ಜನರಿರಬೇಕು. ಐವತ್ತು ಕಿ.ಮೀ. ಅಗಲದ ಕ್ಷುದ್ರಗ್ರಹದ ನೆರಳೂ ಸುಮಾರು ಅಷ್ಟೇ ಅಗಲ. ಚಿಲಿಯಲ್ಲಿ ಕುಳಿತು ಇಲ್ಲಿ ಬೀಳುವ ನೆರಳನ್ನು ಹಿಡಿಯಲಾಗದು.

ಈ ನೆರಳುಗಳು ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿ ಸರಿಯುತ್ತವೆ. ಸೇಲಂ, ಓಮಲೂರು, ತೊಪ್ಪೂರು, ಧರ್ಮಪುರಿ ಹೆದ್ದಾರಿಯುದ್ದಕ್ಕೂ ಉತ್ತರ-ದಕ್ಷಿಣವಾಗಿ ಇವೆ. ಪ್ರತಿ ಊರಿನ ತಂಡವೂ ನಕ್ಷತ್ರ ಮರೆಯಾದ ಮತ್ತು ಮರಳಿದ ಹೊತ್ತನ್ನು ಜಿಪಿಎಸ್ ಗಡಿಯಾರದಿಂದ ದಾಖಲಿಸಿದರೆ ಒಂದೊಂದು ಊರಿನಿಂದ ಒಂದೊಂದು ಅಡ್ಡಗೆರೆ ಸಿಗುತ್ತದೆ. ಎಲ್ಲ ಗೆರೆ ಜೋಡಿಸಿದರೆ ಕ್ಷುದ್ರಗ್ರಹದ ಆಕಾರ ಮೂಡುತ್ತದೆ, ಕಕ್ಷೆ ಇನ್ನಷ್ಟು ನಿಖರವಾಗುತ್ತದೆ. ಕಾವಲೂರಿಗೆ ಇದು ಹೊಸ ವಿದ್ಯೆಯಲ್ಲ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡಿದಾಗ ಅದರ ಉಂಗುರಗಳು ಬಯಲಾದವು. ಅಂದು ನಕ್ಷತ್ರದ ಬೆಳಕು ಕುಂದಿದ್ದನ್ನು ಕಾವಲೂರಿನ ಒಂದು ಮೀಟರ್ ದೂರದರ್ಶಕವೂ ದಾಖಲಿಸಿತ್ತು.

ಊರಿನ ದೀಪಗಳು ಆಕಾಶವನ್ನು ಕೆಡಿಸಿವೆ ಎಂಬುದು ಇನ್ನೊಂದು ತಕರಾರು. ಮಸುಕಾದ ಕಾಯಗಳನ್ನು ಹುಡುಕುವವರಿಗೆ ಅದು ನಿಜಕ್ಕೂ ಪೆಟ್ಟು, ಕಾವಲೂರಿನ ಸುತ್ತ ಬೀದಿದೀಪಗಳು ನೆಲಕ್ಕಷ್ಟೇ ಬೆಳಕು ಚೆಲ್ಲುವಂತೆ ಮಾಡಲೇಬೇಕು. ಆದರೆ ನಕ್ಷತ್ರ ಸಾಕಷ್ಟು ಪ್ರಕಾಶವಾಗಿದ್ದರೆ ಮರೆಯಾಗುವ ಗಳಿಗೆಯನ್ನು ಪಟ್ಟಣದ ಅಂಚಿನಿಂದಲೂ ಹಿಡಿಯಬಹುದು. ಹೆಸರಿಡುವ ಆಸೆಯೇ ಮಕ್ಕಳನ್ನು ಸೆಳೆಯುತ್ತದೆ ಎನ್ನುವವರನ್ನು ನಾನು ಅಲ್ಲಗಳೆಯುವುದಿಲ್ಲ. ತಾನು ಅಳೆದ ಅಂಕಿ ಒಂದು ಕಕ್ಷೆಯನ್ನು ತಿದ್ದಿತು ಎಂಬ ಸಂತೋಷ ಅದಕ್ಕಿಂತ ಗಟ್ಟಿಯಾದದ್ದು. ಕಾವಲೂರನ್ನು ನಡೆಸುವ ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯೂ ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯವೂ ಕೂಡಿ ಈ ಊರುಗಳಿಗೆ ಸಣ್ಣ ದೂರದರ್ಶಕ, ಕ್ಯಾಮೆರಾ ಮತ್ತು ತರಬೇತಿ ಒದಗಿಸಲಿ. ಈಶಾನ್ಯ ಮಾರುತದ ಮೋಡ ಸರಿದ ಮೇಲೆ, ಜನವರಿಯಿಂದಲೇ ಕೆಲಸ ಆರಂಭಿಸಬಹುದು.