ಸೆಲೆನಿಯಂ: ಪರೀಕ್ಷೆ ಮೊದಲು, ಮಾತ್ರೆ ಆಮೇಲೆ

ಆಟಿಸಂ ಇರುವ ಪುಟ್ಟ ಮಕ್ಕಳಿಗೆ ಒಳಿತೆಂದು ಹೇಳಲಾಗುವ ಸೆಲೆನಿಯಂ ಎಂಬ ಖನಿಜದ ಪೂರಕಗಳು ಈಗ ಬೆಂಗಳೂರಿನ ಯಲಹಂಕ, ಹೆಬ್ಬಾಳದ ಪೋಷಕರಿಗೂ ವೈದ್ಯರ ಚೀಟಿಯಿಲ್ಲದೆ ಆನ್‌ಲೈನ್‌ನಲ್ಲಿ ಸಿಗುತ್ತವೆ. ಕೆಲವು ಅಧ್ಯಯನಗಳು ಈ ಮಕ್ಕಳಲ್ಲಿ ಸೆಲೆನಿಯಂ ಕಡಿಮೆಯಿರುವುದನ್ನು ಗುರುತಿಸಿವೆ, ನಿಜ. ಆದರೆ ಪೂರಕದಿಂದ ಆಟಿಸಂ ಲಕ್ಷಣ ತಗ್ಗುತ್ತದೆಂಬುದು ಸಾಬೀತಾಗಿಲ್ಲ. ಅಮೆರಿಕದ ಮಾನದಂಡದಂತೆ 1ರಿಂದ 3 ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು 20 ಮೈಕ್ರೋಗ್ರಾಂ, ಮೀರಬಾರದ ಮಿತಿ 90. ವಯಸ್ಕರ ಒಂದೇ ಮಾತ್ರೆಯಲ್ಲಿ 200 ಇರುವುದುಂಟು. ಅತಿಯಾದರೆ ವಾಕರಿಕೆ ಬರುತ್ತದೆ, ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ. ಮಾತು ಬಾರದ ಮಗು ಆ ಸಂಕಟವನ್ನು ಯಾರಿಗೆ ಹೇಳೀತು?

ಆಟಿಸಂ ಇದ್ದು ಒಂದೆರಡು ತಿನಿಸನ್ನಷ್ಟೇ ಒಪ್ಪುವ ಮಕ್ಕಳಲ್ಲಿ ಸೆಲೆನಿಯಂ ಕೊರತೆ ಇರಬಹುದು. ಅದನ್ನು ಮಕ್ಕಳ ತಜ್ಞರು ಪರೀಕ್ಷಿಸಿ ಹೇಳಬೇಕು, ಮಾರುವವರಲ್ಲ. ಆಟಿಸಂಗೆ ಪರಿಹಾರವೆಂದು ಪೂರಕ ಮಾರುವವರ ಮೇಲೆ ಆರೋಗ್ಯ ಇಲಾಖೆ ಕ್ರಮ ಜರುಗಿಸಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಮಕ್ಕಳಿಗೆ ಆಹಾರತಜ್ಞರ ಸಲಹೆ ಉಚಿತವಾಗಿ ದೊರೆಯುವಂತೆ ಮಾಡಲಿ.