ಬಡಗಿಗೆ ಆಯ ಇತ್ತು, ಮೆಶಿನ್ನಿಗೆ ಏನಿದೆ?

ಹಿಂದೆ ನಮ್ಮ ಕಡೆ ಸುಗ್ಗಿ ಮುಗಿಯುವಾಗ ಕಣದಲ್ಲೇ ಬಡಗಿಗೆ ಆಯ ಅಳೆದು ಕೊಡುತ್ತಿದ್ದೆವು. ವರ್ಷವಿಡೀ ಮೇಳಿ ಮುರಿದರೆ, ಕುಂಟೆ ಸಡಿಲಾದರೆ, ನೊಗ ಬಿರುಕು ಬಿಟ್ಟರೆ ಸರಿಮಾಡಿ ಕೊಡುವುದಕ್ಕೆ ಆ ಕಾಳು. ಅಂದರೆ ನಮ್ಮ ಹಿರಿಯರು ದುರಸ್ತಿಗೆ ಅಂತಲೇ ಕಾಳು ತೆಗೆದಿಡುತ್ತಿದ್ದರು. ಈಗ ನಾವು ಮೆಶಿನ್ ತರಲು ಸಾಲ ಮಾಡುತ್ತೇವೆ, ಅದರ ದುರಸ್ತಿಗೆ ಒಂದು ಸೇರು ಕಾಳಿನಷ್ಟೂ ಎತ್ತಿಡುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ಸೂಳೆಕೆರೆ ಅಂದ ಕೂಡಲೇ ದೂರದವರು ನಮ್ಮನ್ನೆಲ್ಲ ನೀರಾವರಿಯವರು ಅಂದುಕೊಳ್ಳುತ್ತಾರೆ. ಸಿದ್ದನಾಲೆ, ಬಸವನಾಲೆ ಹರಿಯುವ ಕಡೆ ಭತ್ತ, ಅಡಿಕೆ ನಿಜ. ನಾವು ಮೇಲ್ಗಡೆಯವರು, ಕೆರೆ ಕಣ್ಣಿಗೆ ಕಾಣುತ್ತದೆ, ಹೊಲಕ್ಕೆ ಬರುವುದಿಲ್ಲ. ರಾಗಿ, ಜೋಳ, ಈಗ ಹೆಚ್ಚಾಗಿ ಮೆಕ್ಕೆಜೋಳ. ಬಿತ್ತನೆಗೆ ಟ್ರ್ಯಾಕ್ಟರ್ ಬಂದರೂ ಎಡೆ ಹೊಡೆಯಲು ನನಗೆ ಎತ್ತು, ಎಡೆಕುಂಟೆಯೇ ಬೇಕು. ನಮ್ಮೂರ ಬಡಗಿಯ ಮಕ್ಕಳು ದಾವಣಗೆರೆಯಲ್ಲಿ ಪ್ಲೈವುಡ್ ಕೆಲಸಕ್ಕೆ ಹೋದ ಮೇಲೆ ನಾನೊಂದು ಹಳೇ ಮೆಶಿನ್ ತಂದು ಕೊಟ್ಟಿಗೆ ಪಕ್ಕ ಹಾಕಿಕೊಂಡೆ. ಒಂದೇ ಮೇಜಿನಲ್ಲಿ ಸುತ್ತುಗರಗಸವೂ ಉಂಟು, ಹತ್ತರಿ ಹಿಡಿಯುವ ಪ್ಲೇನರೂ ಉಂಟು. ಎರಡು ಎಚ್‌ಪಿ ಸಿಂಗಲ್ ಫೇಸ್ ಮೋಟರು. ನನ್ನ ಕೆಲಸ, ಅಕ್ಕಪಕ್ಕದವರ ಕೆಲಸ ಎರಡೂ ನಡೆಯುತ್ತದೆ.

ಇದು ಹವ್ಯಾಸದ ಮಾತಲ್ಲ ನೋಡ್ರಿ. ಮಳೆ ಬಿದ್ದ ಮೇಲೆ ಹೊಲದ ಹದ ಇರುವುದು ಮೂರೋ ನಾಲ್ಕೋ ದಿನ. ಆ ದಿನಗಳಲ್ಲಿ ಕುಂಟೆಯ ದಿಂಡು ಸೀಳಿತು, ಮೆಶಿನ್ನೂ ನಿಂತಿತು ಅಂದರೆ ಪೇಟೆಗೆ ಓಡಬೇಕು. ಅಲ್ಲಿ ಮೆಕ್ಯಾನಿಕ್ಕಿನ ಮುಂದೆ ನಮ್ಮಂಥವರೇ ಹತ್ತು ಜನ. ಹದ ಯಾರ ಸರದಿಗೂ ಕಾಯುವುದಿಲ್ಲ.

ಮೊದಲು ಮೋಟರಿನ ಮಾತು. ಮೋಟರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ ಅಂದರೆ 'ಸುಟ್ಟಿತು' ಎಂದು ಹೊತ್ತುಕೊಂಡು ಹೋಗುವುದು ರೂಢಿ. ವಾಸನೆ ಬಂದಿಲ್ಲ, ಹೊಗೆ ಬಂದಿಲ್ಲ ಅಂದರೆ ಮೊದಲು ಎರಡು ಜಾಗ ನೋಡಬೇಕು. ಒಂದು ಕೆಪಾಸಿಟರ್. ಅದು ಉಬ್ಬಿದ್ದರೆ, ಎಣ್ಣೆ ಒಸರಿದ್ದರೆ ಹೋಯಿತು ಅಂತಲೇ ಲೆಕ್ಕ. ಮೈಮೇಲೆ ಬರೆದ ಮೈಕ್ರೋಫ್ಯಾರಡ್ ಮತ್ತು ವೋಲ್ಟು ನೋಡಿ ಅದೇ ಅಳತೆಯದು ತಂದರಾಯಿತು. ಎರಡನೆಯದು, ಮೋಟರಿನ ಹಿಂದಿನ ಮುಚ್ಚಳದೊಳಗೆ ಇರುವ ಸ್ವಿಚ್ಚು. ಮೋಟರು ವೇಗ ಹಿಡಿದ ಮೇಲೆ ಸ್ಟಾರ್ಟಿಂಗ್ ಸುತ್ತನ್ನು ಬಿಡಿಸುವುದು ಅದರ ಕೆಲಸ. ಮರದ ಹೊಟ್ಟು ಅದರ ಬಾಯಿಗೆ ಸೇರಿದರೆ ಕೂಡುವುದಿಲ್ಲ. ನನ್ನ ಮೋಟರು ಎರಡು ಸಲ ನಿಂತಿದ್ದೂ ಇದರಿಂದಲೇ. ಸೈಕಲ್ ಪಂಪಿನಿಂದ ಊದಿ, ನಯವಾದ ಮರಳು ಕಾಗದದಲ್ಲಿ ತಿಕ್ಕಿದೆ, ತಿರುಗಿತು. ಇದೇ ರೋಗಕ್ಕೆ ಪಕ್ಕದೂರಿನವರೊಬ್ಬರು ಪೂರ್ತಿ ರಿವೈಂಡಿಂಗಿನ ದುಡ್ಡು ಕೊಟ್ಟು ಬಂದರು. ಒಂದು ಎಚ್ಚರಿಕೆ: ಕರೆಂಟ್ ತೆಗೆದ ಮೇಲೂ ಕೆಪಾಸಿಟರ್ ಹೊಡೆಯುತ್ತದೆ. ಹೋಲ್ಡರಿಗೆ ಹಾಕಿದ ಹಳೇ ತಂತಿ ಬಲ್ಬಿನ ಎರಡು ವಯರನ್ನು ಅದರ ಎರಡು ಕಾಲಿಗೆ ಮುಟ್ಟಿಸಿ ಖಾಲಿ ಮಾಡಿಕೊಂಡೇ ಕೈ ಹಾಕಬೇಕು.

ನಿಜವಾಗಿ ಮೋಟರು ಸುಡುವುದು ವೋಲ್ಟೇಜಿನಿಂದ. 230 ಇರಬೇಕಾದ ಜಾಗದಲ್ಲಿ 170 ಬಂದರೆ ಮುಕ್ಕಾಲು ಪಾಲು ಇದೆಯಲ್ಲ ಅನ್ನಿಸುತ್ತದೆ. ಆದರೆ ಮೋಟರಿನ ತಿರುಗಿಸುವ ಬಲ ವೋಲ್ಟಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ, ಉಳಿಯುವುದು ಅರ್ಧ ಮಾತ್ರ. ಅರ್ಧ ಬಲದ ಮೋಟರಿಗೆ ಒಣ ಜಾಲಿ ಮರ ಕೊಟ್ಟರೆ ಅದು ತಿಣುಕಿ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ. ಸಂಜೆ ಹೊತ್ತು ನಮ್ಮಲ್ಲಿ ದೀಪ ಮಂಕಾದರೆ ನಾನು ಮೆಶಿನ್ ಮುಟ್ಟುವುದಿಲ್ಲ. ಮನೆಯಿಂದ ಶೆಡ್ಡಿಗೆ ತೆಳು ವಯರು ಉದ್ದಕ್ಕೆ ಎಳೆದರೂ ಇದೇ ಕಥೆ. ಗೋಡೆ ಮೇಲೆ ಒಂದು ವೋಲ್ಟ್ ಮೀಟರ್ ಇರಲಿ, ಅರ್ಥಿಂಗ್ ಅಂತೂ ಇರಲೇಬೇಕು.

ಬೇರಿಂಗಿಗೆ ಹೆದರುವ ಕಾರಣವೇ ಇಲ್ಲ. ಅದರ ಮೈಮೇಲೆ ನಂಬರು ಇರುತ್ತದೆ, 6204, 6205 ಹೀಗೆ. ಈ ಜಾತಿಯಲ್ಲಿ ಕೊನೆಯ ಎರಡು ಅಂಕಿ 04ರಿಂದ ಮೇಲಿದ್ದರೆ ಐದರಿಂದ ಗುಣಿಸಿ. ಒಳತೂತಿನ ಅಳತೆ ಮಿಲಿಮೀಟರಿನಲ್ಲಿ ಸಿಗುತ್ತದೆ, 20, 25. ಏಳನೇ ಕ್ಲಾಸಿನ ಮಗ್ಗಿ ಸಾಕು. ಮರದ ಹೊಟ್ಟಿನ ಜಾಗಕ್ಕೆ ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ಕೇಳಬೇಕು. ಶಾಫ್ಟಿಗೆ ಕೂರಿಸುವಾಗ ಒಳ ಬಳೆಯ ಮೇಲೆ ಮಾತ್ರ ಪೈಪು ಇಟ್ಟು ಬಡಿಯಬೇಕು. ಹೊರ ಬಳೆಗೆ ಬಡಿದರೆ ಗುಂಡುಗಳ ಮೂಲಕ ಪೆಟ್ಟು ಹೋಗಿ ಹೊಸ ಬೇರಿಂಗೇ ಹಾಳು. ಬೆಲ್ಟಿನ ಮೇಲೂ ಎ-50 ಅಂತ ಬರೆದಿರುತ್ತದೆ. ಎ ಅಂದರೆ ಅಗಲದ ಜಾತಿ, 50 ಅಂದರೆ ಒಳಸುತ್ತಿನ ಇಂಚು. ಈ ನಂಬರುಗಳನ್ನೆಲ್ಲ ನಾನು ಶೆಡ್ಡಿನ ಬಾಗಿಲಿಗೆ ಬಣ್ಣದಲ್ಲಿ ಬರೆಸಿದ್ದೇನೆ. ಅಂಗಡಿಗೆ ಯಾರು ಹೋದರೂ ಅದನ್ನು ಬರೆದುಕೊಂಡು ಹೋದರೆ ಆಯಿತು.

ಬ್ಲೇಡಿನ ವಿಷಯದಲ್ಲಿ ನನ್ನದು ಹಳೇ ಪಕ್ಷ. ಕಾರ್ಬೈಡ್ ತುದಿಯ ಬ್ಲೇಡು ಬಹಳ ದಿನ ಹರಿತ ಉಳಿಯುತ್ತದೆ, ಒಪ್ಪುತ್ತೇನೆ. ಆದರೆ ನಮ್ಮ ಅರಕ್ಕೆ ಅದು ಬಗ್ಗುವುದಿಲ್ಲ, ಹರಿತ ಮಾಡಲು ಡೈಮಂಡ್ ಕಲ್ಲಿನ ಚಕ್ರ ಬೇಕು, ಪೇಟೆಗೆ ಕಳಿಸಬೇಕು. ನಮಗೆ ಸಿಗುವ ಮರವಾದರೋ ಹಳೇ ಬಾಗಿಲು, ಜಂತೆ. ಒಳಗೊಂದು ಮೊಳೆ ಸಿಕ್ಕಿದರೆ ಆ ತುದಿ ಹಾರಿಹೋಗುತ್ತದೆ. ಸಾದಾ ಉಕ್ಕಿನ ಬ್ಲೇಡಾದರೆ ಮೂರು ಮೂಲೆ ಅರ ಹಿಡಿದು ರಾತ್ರಿ ಊಟದ ಮೇಲೆ ಹಲ್ಲು ಮಸೆದು, ಒಂದು ಬಿಟ್ಟು ಒಂದನ್ನು ಆಚೀಚೆ ಬಗ್ಗಿಸಿಕೊಂಡರೆ ಬೆಳಿಗ್ಗೆ ಕೆಲಸಕ್ಕೆ ತಯಾರು.

ಪ್ಲೇನರಿನ ಅಲಗು ಮಸೆಯುವಾಗ ಒಂದನ್ನೇ ಮಸೆಯಬಾರದು. ತೂಕ ಹೆಚ್ಚುಕಡಿಮೆಯಾದರೆ ಮೆಶಿನ್ ನಡುಗಿ ಬೇರಿಂಗ್ ತಿನ್ನುತ್ತದೆ. ಕೂರಿಸಿದ ಮೇಲೆ ಸಮ ಇದೆಯೋ ನೋಡಲು ಮರದ ನೇರ ಕಡ್ಡಿ ಸಾಕು. ಪ್ಲಗ್ಗು ಕಿತ್ತು, ಮರ ಹೊರಗೆ ಹೋಗುವ ಕಡೆಯ ಮೇಜಿನ ಮೇಲೆ ಕಡ್ಡಿಯನ್ನು ಅಲಗಿನ ಮೇಲಕ್ಕೆ ಚಾಚುವಂತೆ ಇಟ್ಟು ಉರುಳೆಯನ್ನು ಕೈಯಲ್ಲಿ ತಿರುಗಿಸಿ. ಅಲಗು ಕಡ್ಡಿಯನ್ನು ತುಸು ಮುಂದೆ ಸರಿಸುತ್ತದೆ. ಎಲ್ಲ ಅಲಗುಗಳೂ ಎರಡೂ ಅಂಚಿನಲ್ಲಿ ಅಷ್ಟಷ್ಟೇ ಸರಿಸಿದರೆ ಸರಿಯಾಗಿದೆ ಎಂದರ್ಥ. ಗರಗಸದ ಹಿಂದೆ ಸೀಳು ಕೂಡದಂತೆ ತಡೆಯುವ ಕಬ್ಬಿಣದ ಪಟ್ಟಿಯನ್ನು 'ಅಡ್ಡ ಬರ್ತದೆ' ಅಂತ ಬಿಚ್ಚಿಹಾಕುವವರಿದ್ದಾರೆ. ಸೀಳು ಬ್ಲೇಡನ್ನು ಹಿಡಿದುಕೊಂಡರೆ ಮರ ಹಿಂದಕ್ಕೆ ಎಗರಿ ಎದೆಗೆ ಬಡಿಯುತ್ತದೆ, ಕೈ ಬ್ಲೇಡಿನ ಮೇಲೆ ಹೋಗುತ್ತದೆ. ಎಂಥ ಅವಸರಕ್ಕೂ ಅದನ್ನು ಬಿಚ್ಚಬಾರದು.

ರೈತ ಬೇಸಾಯ ಮಾಡಲಿ, ಮೆಶಿನ್ ಮೆಕ್ಯಾನಿಕ್ ನೋಡಿಕೊಳ್ಳಲಿ ಅನ್ನುವವರೂ ಇದ್ದಾರೆ. ರಿವೈಂಡಿಂಗ್, ಲೇತ್ ಕೆಲಸ, ಸೀಳಿದ ಎರಕಕ್ಕೆ ಬೆಸುಗೆ ಇವೆಲ್ಲ ಅವರದೇ. ಉಳಿದಿದ್ದು ನಮ್ಮದಾಗಬೇಕು. ಅಮೆರಿಕದ ಕೊಲರಾಡೋ ರಾಜ್ಯದ ರೈತರು ಹೋರಾಡಿ 2023ರಲ್ಲಿ ಕಾನೂನನ್ನೇ ಮಾಡಿಸಿಕೊಂಡರು. ಕೃಷಿ ಯಂತ್ರ ಮಾಡುವವರು ಬಿಡಿಭಾಗ, ದುರಸ್ತಿ ಪುಸ್ತಕ ರೈತನಿಗೂ ಕೊಡಬೇಕು ಎಂದು 2024ರ ಜನವರಿಯಿಂದ ಅದು ಜಾರಿಯಲ್ಲಿದೆ. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು, ಕೃಷಿ ಯಂತ್ರವೂ ಅದರಲ್ಲಿ ಸೇರಿದೆ. ಒಳ್ಳೇದೇ. ಆದರೆ ನಾವು ಅಂಗಡಿಯಲ್ಲಿ ರೇಟು ಇಳಿಸಲು ಗಂಟೆಗಟ್ಟಲೆ ಚೌಕಾಸಿ ಮಾಡುತ್ತೇವೆ. ಬಿಡಿಭಾಗದ ಪಟ್ಟಿ ಎಲ್ಲಿ, ಕನ್ನಡದಲ್ಲಿ ಪುಸ್ತಕ ಇದೆಯಾ ಎಂದು ಕೇಳುವವರು ಎಷ್ಟು ಜನ?

2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳಿಗೆ ತರಬೇತಿ ಇದೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವೂ ಇದೆ. ಅಂಥ ತರಬೇತಿಗಳಲ್ಲಿ ಒಂದು ಪೂರ್ತಿ ದಿನ ಮೆಶಿನ್ ಬಿಚ್ಚಿ ಜೋಡಿಸಲಿಕ್ಕೇ ಇಡಬೇಕು, ಆಸೆಯಿದ್ದ ರೈತರನ್ನೂ ಕೂರಿಸಿಕೊಳ್ಳಬೇಕು ಎಂಬುದು ನನ್ನ ಬೇಡಿಕೆ.

ಅದು ಆಗುವವರೆಗೆ ನಾವು ಆಯವನ್ನೇ ಬೇರೆ ರೂಪದಲ್ಲಿ ತರಬಹುದು. ಒಂದೂರಿನಲ್ಲಿ ಮೋಟರು, ಗರಗಸ, ಹಿಟ್ಟಿನ ಗಿರಣಿ, ಮೇವು ಕತ್ತರಿಸುವ ಮೆಶಿನ್ ಎಲ್ಲ ಸೇರಿ ಹತ್ತು ಮನೆಯಾದರೂ ಇರುತ್ತವೆ. ಸುಗ್ಗಿಯ ದುಡ್ಡಿನಲ್ಲಿ ಸ್ವಲ್ಪ ಸ್ವಲ್ಪ ಹಾಕಿ ಯುಗಾದಿಯೊಳಗೆ ಒಂದು ಪೆಟ್ಟಿಗೆ ಮಾಡಿದರೆ ಸಾಕು. ಎಲ್ಲರಿಗೂ ಹೊಂದುವ ಎರಡು ಜಾತಿ ಬೇರಿಂಗು, ಬೆಲ್ಟು, ಕೆಪಾಸಿಟರು, ಬೇರಿಂಗ್ ಕೀಳುವ ಪುಲ್ಲರ್ ಒಂದು. ತೆಗೆದುಕೊಂಡವನು ವಾರದೊಳಗೆ ಹೊಸದು ತಂದಿಡಬೇಕು. ನಮ್ಮ ಓಣಿಯಲ್ಲಿ ನಾಲ್ಕು ಮನೆಯವರು ಒಪ್ಪಿದ್ದಾರೆ. ಐದನೆಯವರು ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಕೇಳಿದ್ದಾರೆ, ಅದೊಂದು ಇನ್ನೂ ತೀರ್ಮಾನವಾಗಿಲ್ಲ. ಬೇರೆ ಕಡೆ ಹೀಗೆ ನಡೆಸಿದವರಿದ್ದರೆ ಪತ್ರಿಕೆಗೆ ಬರೆಯಿರಿ, ರೋಹಿಣಿ ಮಳೆ ಬರುವ ಮೊದಲು ಬರೆದರೆ ಉಪಕಾರ.