ಕಂಡು ಆಡಿದ ಮಾತು

ಕಾಡಿನ ಮಗ್ಗುಲಲ್ಲಿ ಬಾಳುವವರಿಗೆ ಕಾಡಿನ ಪ್ರಾಣಿಗಳ ಪರಿಚಯವು ತಾನಾಗಿಯೇ ಇರುವುದೆಂದು ದೂರದವರು ಭಾವಿಸುವರು. ಈ ಭಾವನೆಯು ಪೂರ್ಣವಾಗಿ ಸರಿಯಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ನಮ್ಮ ಸೀಮೆಯಲ್ಲಿ ಪ್ರಾಣಿಗಳನ್ನು ಕಣ್ಣಾರೆ ಕಂಡವರು ಅನೇಕರಿದ್ದರೂ, ಕೇಳಿದ ಮಾತನ್ನೇ ಕಂಡ ಸಂಗತಿಯೆಂದು ಹೇಳುವವರಿಗೂ ಕೊರತೆಯಿಲ್ಲ. ಈ ಎರಡನೆಯ ಗುಂಪಿನಲ್ಲಿ ನಾವೂ ಒಮ್ಮೆ ಇದ್ದೆವೆಂಬುದನ್ನು ಮೊದಲೇ ಒಪ್ಪಿಕೊಂಡು ಈ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ಪಕ್ಷಿಗಳ ಪಾಠ ನಡೆದಿತ್ತು. ಗಂಡು ಮಂಗಟ್ಟೆಯು ತನ್ನ ಹೆಣ್ಣನ್ನು ಮರದ ಪೊಟರೆಯಲ್ಲಿ ಕೂಡಿಹಾಕಿ, ಅದು ಹೊರಬಾರದಂತೆ ಬಾಗಿಲನ್ನು ಮೆತ್ತಿಬಿಡುವುದೆಂದು ನಾವು ಹೇಳಿದೆವು. ಆಗ ಜೋಯಿಡಾ ಕಡೆಯ ಒಬ್ಬ ಬಾಲಿಕೆಯು ಎದ್ದು ನಿಂತು, “ಹಾಗಲ್ಲ ಅಕ್ಕೋರೇ, ಬಾಗಿಲು ಮೆತ್ತುವುದು ಹೆಣ್ಣೇ. ನಾನೂ ನಮ್ಮ ಅಜ್ಜನೂ ನೋಡಿದ್ದೇವೆ” ಎಂದಳು. ಪಾಠದ ನಡುವೆ ಎದುರುತ್ತರ ಸಲ್ಲದೆಂದು ಅವಳನ್ನು ಕುಳ್ಳಿರಿಸಿದೆವು. ಸಂಜೆ ಪುಸ್ತಕಗಳನ್ನು ತೆರೆದು ನೋಡಲು, ಅವಳ ಮಾತೇ ನಿಜವಾಗಿತ್ತು. ಮರುದಿನ ತರಗತಿಯ ಮುಂದೆಯೇ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಆದರೂ ಆ ಬಾಲಿಕೆಯು ಆ ವರ್ಷವೆಲ್ಲ ಮತ್ತೆ ಕೈ ಎತ್ತಲಿಲ್ಲ. ಅದರ ನೋವು ನಮಗೆ ಇಂದಿಗೂ ಇದೆ.

ಮಂಗಟ್ಟೆಯ ಸಂಸಾರವು ನಿಜಕ್ಕೂ ಸೋಜಿಗದ್ದು. ಈ ಹಕ್ಕಿಗೆ ಮರಕುಟಿಗನಂತೆ ಮರವನ್ನು ಕೊರೆಯಲು ಬಾರದು. ಹಳೆಯ ಹೆಮ್ಮರಗಳಲ್ಲಿ ತಾನಾಗಿಯೇ ಆದ ಪೊಟರೆಯನ್ನು ಅದು ಹುಡುಕಬೇಕು. ಹೆಣ್ಣು ಒಳಹೊಕ್ಕು, ತನ್ನ ಹಿಕ್ಕೆಯನ್ನೂ ಹಣ್ಣಿನ ಶೇಷವನ್ನೂ ಮೆತ್ತಿ, ಒಂದು ಕಿರಿದಾದ ಸೀಳನ್ನು ಮಾತ್ರ ಉಳಿಸಿ ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಒಳಗೆ ಕುಳಿತು ರೆಕ್ಕೆಬಾಲಗಳ ಗರಿಗಳನ್ನು ಉದುರಿಸಿ ಹೊಸವನ್ನು ಬೆಳೆಸಿಕೊಳ್ಳುತ್ತದೆ. ಗಂಡು ಅತ್ತಿ, ಆಲ, ಬಸರಿಗಳ ಹಣ್ಣುಗಳನ್ನು ಗಂಟಲಲ್ಲಿ ತುಂಬಿ ತಂದು, ಆ ಸೀಳಿನ ಮೂಲಕ ಒಂದೊಂದಾಗಿ ಉಣಿಸುತ್ತದೆ. ಇದು ಸೆರೆಮನೆಯಲ್ಲ, ತಾಯಿಯೇ ಕಟ್ಟಿಕೊಂಡ ಕೋಟೆ. ಬೇಕಾದಾಗ ಅದನ್ನು ಒಡೆದು ಹೊರಬರುವವಳೂ ಅವಳೇ. ಆದರೆ ಗಂಡು ಬೇಟೆಗಾರನಿಗೆ ತುತ್ತಾದರೆ ಒಳಗಿನ ಮರಿಯ ಬದುಕೂ ಅಪಾಯಕ್ಕೆ ಸಿಲುಕುವುದು. ದಕ್ಷಿಣ ಭಾರತದ ನಾಲ್ಕು ಬಗೆಯ ಮಂಗಟ್ಟೆಗಳೂ ನಮ್ಮ ಸೀಮೆಯಲ್ಲಿವೆ; 2011ರಲ್ಲಿ ದಾಂಡೇಲಿಯ ಬಳಿ ಕಾಳಿನದಿಯ ಆಸುಪಾಸಿನ ಕಾಡನ್ನು ಮಂಗಟ್ಟೆಗಳ ಸಂರಕ್ಷಣೆಗೆಂದೇ ಸರಕಾರವು ಘೋಷಿಸಿತು.

ನಾವು ನಿರ್ದಯವೆಂದು ಎಣಿಸಿದ ಪ್ರಾಣಿಗಳ ವಿಷಯವೂ ಹೀಗೆಯೇ. ಮೊಸಳೆಯ ಕಣ್ಣೀರೆಂದು ಕಪಟಿಯನ್ನು ಜರೆಯುತ್ತೇವೆ. ಕಾಳಿನದಿಯ ಆ ಮೊಸಳೆಯಾದರೋ ಮೊಟ್ಟೆಯೊಳಗಿನ ಮರಿಗಳ ಕೂಗನ್ನು ಕೇಳಿ ಗೂಡನ್ನು ಅಗೆದು, ಮರಿಗಳನ್ನು ಆ ಭಯಂಕರವಾದ ಬಾಯಲ್ಲೇ ಮೆಲ್ಲನೆ ಎತ್ತಿ ನೀರಿಗೆ ಒಯ್ಯುತ್ತದೆ. ಮರಿ ಹೆಣ್ಣಾಗುವುದೋ ಗಂಡಾಗುವುದೋ ಎಂಬುದು ಗೂಡಿನ ಬಿಸುಪನ್ನು ಅವಲಂಬಿಸಿರುವುದು. ಹಾವು ಹನ್ನೆರಡು ವರುಷ ಹಗೆ ಸಾಧಿಸುವುದೆಂಬ ನಂಬಿಕೆ ಮನೆಮನೆಯಲ್ಲಿದೆ. ಹೆಣ್ಣು ಕಾಳಿಂಗ ಸರ್ಪವು ತರಗೆಲೆಗಳನ್ನು ಮೈಸುರುಳಿಯಿಂದ ರಾಶಿಮಾಡಿ ಗೂಡು ಕಟ್ಟಿ ಮೊಟ್ಟೆಗಳನ್ನು ಕಾಯುವುದೆಂಬ ಸತ್ಯವನ್ನು ಬಲ್ಲವರು ವಿರಳ. ಪಶ್ಚಿಮಘಟ್ಟದ ಕಾಳಿಂಗವು ಬೇರೆಯೇ ಜಾತಿಯೆಂದು 2024ರಲ್ಲಿ ಪಂಡಿತರು ನಿರ್ಣಯಿಸಿ, ಅದರ ಶಾಸ್ತ್ರೀಯ ನಾಮದಲ್ಲಿ ನಮ್ಮ ಕನ್ನಡದ ‘ಕಾಳಿಂಗ’ ಎಂಬ ಪದವನ್ನೇ ಇರಿಸಿದರು. ಇನ್ನು ಕರಿಚಿರತೆ: ಅದು ಬೇರೆ ಪ್ರಾಣಿಯಲ್ಲ. ಒಂದೇ ತಾಯಿಯ ಒಂದೇ ಸೂಲಿನಲ್ಲಿ ಚುಕ್ಕೆಯ ಮರಿಯೂ ಕರಿಯ ಮರಿಯೂ ಹುಟ್ಟಬಹುದು. ಬಿಸಿಲು ಬಿದ್ದಾಗ ಕರಿಮೈಯಲ್ಲಿಯೂ ಚುಕ್ಕೆಗಳು ಕಾಣುವುವು. ಬಣ್ಣದಿಂದ ಕುಲವನ್ನು ಎಣಿಸುವ ನಮ್ಮ ಜನರು ಇದನ್ನು ಗಮನಿಸಬೇಕು.

“ಹೆಣ್ಣುಮಕ್ಕಳಿಗೆ ಇದರಿಂದ ಏನು ಪ್ರಯೋಜನ? ಪರೀಕ್ಷೆಯಲ್ಲಿ ಅಂಕ ಬರುವುದೇ?” ಎಂದು ಕೆಲವು ಪಾಲಕರು ಕೇಳಿದ್ದುಂಟು. ಹಳಿಯಾಳ, ಮುಂಡಗೋಡಗಳ ರೈತರು ಇನ್ನೂ ಕಠಿಣವಾದ ಪ್ರಶ್ನೆಯನ್ನು ಕೇಳುವರು. ಬತ್ತ ತೆನೆಗಟ್ಟುವ ಕಾಲಕ್ಕೆ ಆನೆಗಳು ಗದ್ದೆಗೆ ಇಳಿದು ವರ್ಷದ ದುಡಿಮೆಯನ್ನು ಒಂದು ರಾತ್ರಿಯಲ್ಲಿ ತುಳಿದುಹಾಕಿದ ಮನೆಯ ಮಗುವಿಗೆ ಆನೆಯ ಬುದ್ಧಿವಂತಿಕೆಯನ್ನು ವರ್ಣಿಸುವುದು ಹಾಸ್ಯವಾದೀತು. ಈ ನಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ಪರಿಹಾರವು ತಡವಿಲ್ಲದೆ ದೊರೆಯಬೇಕು. ಆದರೆ ಆನೆಯು ಯಾವ ದಾರಿಯಿಂದ, ಯಾವ ತಿಂಗಳಲ್ಲಿ, ಏತಕ್ಕಾಗಿ ಬರುವುದೆಂದು ಅರಿತವರೇ ಗದ್ದೆಯನ್ನೂ ಕಾಯಬಲ್ಲರು, ತಮ್ಮ ಪ್ರಾಣವನ್ನೂ ಉಳಿಸಿಕೊಳ್ಳಬಲ್ಲರು. ಹೀಗಿರಲು ಪ್ರಾಣಿಗಳ ಅರಿವು ಬರಿಯ ವಿನೋದವಲ್ಲ. ಈ ಸೀಮೆಯ ಗೃಹಿಣಿಯರಾಗಿ, ಶಿಕ್ಷಕಿಯರಾಗಿ, ಅಧಿಕಾರಿಗಳಾಗಿ ಬಾಳಲಿರುವ ನಮ್ಮ ವಿದ್ಯಾರ್ಥಿನಿಯರಿಗೆ ಅದು ಅವಶ್ಯವಾದ ವಿದ್ಯೆ.

ಆದಕಾರಣ ನಮ್ಮ ಸೂಚನೆಗಳು ಎರಡು. ಮೊದಲನೆಯದು, ಪ್ರತಿಯೊಂದು ಪಾಠಶಾಲೆಯಲ್ಲಿಯೂ ಒಂದು ನೋಟದ ಪುಸ್ತಕವಿರಲಿ. ಮಕ್ಕಳು ಕಂಡುದನ್ನು ದಿನಾಂಕ ಹಾಕಿ ಬರೆಯಲಿ, ಕೇಳಿದ್ದನ್ನು ಕೇಳಿದ್ದೆಂದೇ ಬರೆಯಲಿ. ಅತ್ತಿವೇರಿಯ ಕೆರೆಯಲ್ಲಿ ಚಮಚದಂತಹ ಕೊಕ್ಕಿನ ಹಕ್ಕಿಯು ತಲೆಯನ್ನು ಅತ್ತಿತ್ತ ಆಡಿಸುತ್ತ, ಕೊಕ್ಕಿನ ಸ್ಪರ್ಶದಿಂದಲೇ ಆಹಾರವನ್ನು ಹುಡುಕುವುದನ್ನು ಒಂದು ಗಂಟೆ ನೋಡಿದ ಮಗುವು ಹತ್ತು ಪುಟ ಓದಿದ ಮಗುವಿಗಿಂತ ಹಿಂದುಳಿಯಲಾರದು. ಎರಡನೆಯದು, ಪೊಟರೆಬಿದ್ದ ಮುದಿಮರವನ್ನು ನಿರುಪಯೋಗಿಯೆಂದು ಕಡಿಯುವ ಮೊದಲು, ಒಂದು ಬೇಸಗೆ ಅದನ್ನು ಕಾದು ನೋಡಿರಿ.

ಶಿಕ್ಷಕಿಯರಾದ ನಮ್ಮ ಸಹೋದರಿಯರಿಗೆ ಒಂದು ಬಿನ್ನಹ. ತರಗತಿಯಲ್ಲಿ ಎದ್ದು ನಿಂತು “ಹಾಗಲ್ಲ” ಎನ್ನುವ ಬಾಲಿಕೆಯನ್ನು ಕುಳ್ಳಿರಿಸಬೇಡಿರಿ. ಎಲ್ಲಿ ಕಂಡೆ, ಯಾವಾಗ ಕಂಡೆ ಎಂದು ಮೊದಲು ಕೇಳಿರಿ. ನಾವು ಅಂದು ಕೇಳಲಿಲ್ಲ.